ಪೆಟ್ಟಿಗೆಯ ಬಾಯಿ ಕಟ್ಟಿದವರು ಯಾರು?

ನಮ್ಮ ವಾಚನಾಲಯದ ಹುಡುಗರು ಬಂದು, ಈ ಸಲದ ಪುಸ್ತಕಕ್ಕೆ ನೀವೂ ಒಂದು ಬರಹ ಕೊಡಬೇಕು ಅಂತ ಕೇಳಿದರು. ಮಾದಪ್ಪನ ಕತೆಯನ್ನೋ ಮಂಟೇಸ್ವಾಮಿ ಕತೆಯನ್ನೋ ಬರೆದುಕೊಡ್ತಾನೆ ಅಂತ ಅಂದುಕೊಂಡಿದ್ದರು. ತಂಬೂರಿ ಹಿಡಿದ ಕೈ ಇನ್ನೇನು ಬರೆದೀತು ಹೇಳಿ. ಆದರೆ ನಾನು ಬರೆದಿರೋದು ಗಾಡಿಯೊಳಗೆ ಕೂತಿರೋ ಒಂದು ಅಲ್ಯೂಮಿನಿಯಂ ಪೆಟ್ಟಿಗೆಯ ವಿಚಾರ. ಇದು ಜಗಳದ ಬರಹ. ಓದಿದ ಮೇಲೆ ನನ್ನ ಮೇಲೆ ಸಿಟ್ಟು ಬಂದರೆ ಅರಳಿಕಟ್ಟೆಗೆ ಬನ್ನಿ, ಕೂತು ಮಾತಾಡೋಣ.

ಹೋದ ವರ್ಷ ಆಷಾಢದ ಮಳೆಯಲ್ಲಿ ನನ್ನ ತಂಗಿ ಮಗ ಕೋಸು ತುಂಬಿಕೊಂಡು ಸತ್ಯಮಂಗಲದ ಕಡೆ ಹೊರಟಿದ್ದ. 2018ರ ಪಿಕಪ್ ಗಾಡಿ. ಹಾಸನೂರು ದಾಟಿ ದಿಂಬಂ ಇನ್ನೇನು ಬಂತು ಅನ್ನುವಾಗ ಎಂಜಿನ್ ನಿಂತೋಯ್ತು. ಆ ಜಾಗ ನಿಮಗೆಲ್ಲ ಗೊತ್ತು. ಹುಲಿ ಕಾಡು, ಆನೆ ದಾಟೋ ದಾರಿ, ರಾತ್ರಿ ಆದರೆ ಘಾಟಿ ಮುಚ್ಚಿಬಿಡ್ತಾರೆ. ಫೋನು ಮಾಡಿ "ಮಾವ, ಸೆಲ್ಫ್ ಹೊಡೀತದೆ, ಬೆಂಕಿ ಹಿಡೀತಿಲ್ಲ" ಅಂದ. ಇಡೀ ರಾತ್ರಿ ಕ್ಯಾಬಿನ್ನಿನೊಳಗೇ ಕೂತಿದ್ದ. ಮಾರನೆ ದಿನ ಬೇರೆ ಗಾಡಿಗೆ ಕೋಸು ತುಂಬಿ ಕಳಿಸಿದಾಗ ಮಂಡಿ ಮುಗಿದಿತ್ತು. ಅರ್ಧ ರೇಟಿಗೆ ಹೋಯ್ತು.

ಗಾಡೀನ ಎಳೆದುಕೊಂಡು ಬಯಲಿನ ಒಂದು ಊರಿನ ಸರ್ವೀಸು ಸ್ಟೇಷನ್ನಿಗೆ ಬಿಟ್ಟೆವು. ಎಂಜಿನ್ನನ್ನು ಆಳೋ ಪೆಟ್ಟಿಗೆ, ಮೆಕ್ಯಾನಿಕ್‌ಗಳು ಇಸಿಎಂ ಅಂತಾರಲ್ಲ, ಅದರೊಳಕ್ಕೆ ನೀರು ಹೋಗಿ ಪಿನ್ನುಗಳು ಹಸಿರು ಕಿಲುಬು ಹಿಡಿದಿದ್ದವು. ಹೊಸ ಪೆಟ್ಟಿಗೆಗೆ ಐವತ್ತೆಂಟು ಸಾವಿರ, ಬರೋಕೆ ಹದಿನೈದು ದಿನ ಅಂದರು. ಹುಡುಗ ಗುಜರಿ ಅಂಗಡಿ ಹುಡುಕಿಕೊಂಡು ಹೋಗಿ, ಅದೇ ಕಂಪನಿಯ ಅದೇ ಗಾಡಿಯ ಪೆಟ್ಟಿಗೇನ ಒಂಬತ್ತು ಸಾವಿರಕ್ಕೆ ತಂದ. ಒಂದೇ ವ್ಯತ್ಯಾಸ, ಅದು 2019ರ ಗಾಡಿಯದು. ಪ್ಲಗ್ಗು ಸರಿಯಾಗಿ ಕೂತ್ಕೊಂತು. ಸೆಲ್ಫ್ ಹೊಡೆದರೆ ಎಂಜಿನ್ ಗಿರಗಿರ ತಿರುಗಿತು, ಹತ್ತಲಿಲ್ಲ. ಮೀಟರಿನಲ್ಲಿ ಬೀಗದ ಕೈ ಗುರುತಿನ ದೀಪ ಮಿಣಮಿಣ ಅಂತಿತ್ತು. ಆಗ ಅಲ್ಲಿನ ಯಜಮಾನ ಹೇಳಿದ ಮಾತು ಇದು: "ಬೇರೆ ವರ್ಷದ ಪೆಟ್ಟಿಗೆಗೂ ನಿಮ್ಮ ಗಾಡಿಗೂ ಮಾತೇ ಬರಲ್ಲ. ಎಸೆದುಬಿಡಿ."

ನನ್ನ ಜಗಳ ಈ ಮಾತಿನ ಜೊತೆ. ಮಾತು ಬರದೇ ಇರೋದು ಬೇರೆ, ಬಾಯಿ ಕಟ್ಟಿರೋದು ಬೇರೆ. ಇವೆರಡನ್ನೂ ಒಂದೇ ಅಂತ ಹೇಳಿ ನಮ್ಮ ಕೈಲಿ ದುಡ್ಡು ಕೀಳ್ತಾರೆ.

ಮಾತು ಬರದವರ ಪಾಡು ತಾಳವಾಡಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1956ರಲ್ಲಿ ರಾಜ್ಯಗಳನ್ನು ಭಾಷೆ ಲೆಕ್ಕದಲ್ಲಿ ಹಂಚಿದಾಗ ನಾವು ಈ ಕಡೆಯೇ ಉಳಿದುಕೊಂಡೆವು. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತಮಿಳು. ಪಟ್ಟಾ, ಚಿಟ್ಟಾ, ರೇಷನ್ ಕಾರ್ಡು ಎಲ್ಲಾ ತಮಿಳು. ಅದಕ್ಕೆ ನಾವು ಸುಮ್ಮನೆ ಕೂತೆವಾ? ಎರಡೂ ಬಲ್ಲ ಒಬ್ಬರನ್ನು ನಡುವೆ ಕೂರಿಸಿಕೊಂಡು ಕೆಲಸ ಮಾಡಿಸಿಕೊಂಡೆವು. ಆಮೇಲೆ ನಾವೇ ಕಲಿತೆವು. ನಡುವೆ ಒಬ್ಬ ದುಭಾಷಿ ಇದ್ದರೆ ಎಂಥ ಎರಡು ಭಾಷೆಯೂ ಮಾತಾಡ್ತವೆ. ಆದರೆ ಆಫೀಸಿನಲ್ಲಿ ಕೂತವನಿಗೆ ಕನ್ನಡ ಬಂದೂ, ಬೇಕೂಂತಲೇ ಉತ್ತರ ಕೊಡದಿದ್ದರೆ ದುಭಾಷಿ ಏನು ಮಾಡಿಯಾನು? ಗಾಡಿ ಪೆಟ್ಟಿಗೆಯ ಕತೆಯೂ ಹೀಗೇ ಇದೆ.

ಮೊದಲು ಈ ಪೆಟ್ಟಿಗೆಗಳು ಹೇಗೆ ಮಾತಾಡ್ತವೆ ಅನ್ನೋದು ಹೇಳ್ತೀನಿ. ನಾನು ಏಳನೇ ಕ್ಲಾಸು. ಮೇಷ್ಟ್ರುಗಳು ತಪ್ಪಿದ್ದರೆ ತಿದ್ದಲಿ.

ಹಳೇ ಜೀಪಿನಲ್ಲಿ, ಹಳೇ ಟ್ರ್ಯಾಕ್ಟರಿನಲ್ಲಿ ಡೀಸಲ್ ಪಂಪೇ ಎಲ್ಲಾ. ಕಬ್ಬಿಣ, ಸ್ಪ್ರಿಂಗು, ಹಲ್ಲು ಚಕ್ರ. ಕಾಲು ಒತ್ತಿದರೆ ತಂತಿ ಎಳೀತಿತ್ತು, ಡೀಸಲ್ ಹೋಗ್ತಿತ್ತು. ಹೊಗೆ ಕಮ್ಮಿ ಮಾಡಬೇಕು ಅಂತ ಸರ್ಕಾರ ನಿಯಮ ತಂದಿತು. ಬಿಎಸ್ 4 ಅನ್ನೋದು 2017ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಬಂತು. ಐದನ್ನು ಹಾರಿ 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂತು. 50 ಕುದುರೆ ಶಕ್ತಿಗಿಂತ ದೊಡ್ಡ ಟ್ರ್ಯಾಕ್ಟರುಗಳಿಗೂ 2023ರ ಜನವರಿಯಿಂದ ಬಿಗಿಯಾದ ನಿಯಮ ಬಂತು. ಇಷ್ಟು ನಾಜೂಕಾಗಿ ಡೀಸಲ್ ಅಳೆದು ಹಾಕೋದು ಸ್ಪ್ರಿಂಗಿನ ಕೈಲಿ ಆಗಲ್ಲ, ಲೆಕ್ಕ ಮಾಡೋ ಪೆಟ್ಟಿಗೆ ಬೇಕು. ಅದನ್ನು ನಾನು ಬೇಡ ಅನ್ನಲ್ಲ. ಹೊಗೆ ಕುಡಿಯೋರು ನಾವೇ ತಾನೆ.

ಒಂದು ಪೆಟ್ಟಿಗೆ ಬಂತು, ಅದರ ಹಿಂದೆ ಇನ್ನಷ್ಟು ಬಂದವು. ಎಂಜಿನ್ನಿಗೆ ಒಂದು, ಮೀಟರಿಗೆ ಒಂದು, ಬೀಗಕ್ಕೆ ಒಂದು, ದೊಡ್ಡ ಗಾಡಿಯಾದರೆ ಬ್ರೇಕಿಗೆ ಇನ್ನೊಂದು. ಇವೆಲ್ಲ ಒಂದಕ್ಕೊಂದು ಸುದ್ದಿ ಹೇಳಬೇಕಲ್ಲ. ಅದಕ್ಕೆ ಜರ್ಮನಿಯ ಬಾಷ್ ಕಂಪನಿಯವರು ಒಂದು ಪದ್ಧತಿ ಕಟ್ಟಿ 1986ರಲ್ಲಿ ಜಗತ್ತಿಗೆ ತೋರಿಸಿದರು. ಕ್ಯಾನ್ ಅಂತ ಅದರ ಹೆಸರು. 1993ರಲ್ಲಿ ಅದು ಎಲ್ಲಾ ದೇಶಕ್ಕೂ ಒಪ್ಪಿಗೆಯಾದ ಅಳತೆ ಆಯ್ತು. ಇವತ್ತು ಕಾರು, ಲಾರಿ, ಟ್ರ್ಯಾಕ್ಟರು ಎಲ್ಲದರಲ್ಲೂ ಬಹುಪಾಲು ಅದೇ.

ಅದು ಎರಡೇ ಎರಡು ತಂತಿ, ಹುರಿ ಹೊಸೆದ ಹಾಗೆ ಹೊಸೆದಿರ್ತಾರೆ. ಎಲ್ಲಾ ಪೆಟ್ಟಿಗೆಗಳೂ ಆ ಎರಡು ತಂತಿಗೇ ನೇತುಹಾಕಿಕೊಂಡಿರ್ತವೆ. ನಮ್ಮ ಅರಳಿಕಟ್ಟೆ ಪಂಚಾಯ್ತಿ ಇದ್ದ ಹಾಗೆ. ಒಬ್ಬ ಮಾತಾಡಿದರೆ ಎಲ್ಲರಿಗೂ ಕೇಳಿಸ್ತದೆ, ಬೇಕಾದವನು ಕಿವಿಗೆ ಹಾಕ್ಕೋತಾನೆ. ಒಂದೊಂದು ಮಾತಿಗೂ ಒಂದು ನಂಬರು. ಇಬ್ಬರು ಒಟ್ಟಿಗೆ ಬಾಯಿ ತೆಗೆದರೆ ಸಣ್ಣ ನಂಬರಿನ ಮಾತು ಮೊದಲು, ದೊಡ್ಡ ನಂಬರಿನವನು ಸುಮ್ಮನಾಗಿ ಆಮೇಲೆ ಹೇಳಬೇಕು. ಅವಸರದ ಮಾತಿಗೆ ಸಣ್ಣ ನಂಬರು ಕೊಟ್ಟಿರ್ತಾರೆ. ನಂಬರಿನ ಹಿಂದೆ ಬರೋ ಸುದ್ದಿಯನ್ನು ಅಳಿಗುಳಿ ಮಣೆ ಅಂತ ತಿಳಿದುಕೊಳ್ಳಿ. ಹೆಚ್ಚೆಂದರೆ 8 ಗುಳಿ, ಒಂದೊಂದು ಗುಳಿಯಲ್ಲಿ 0ಯಿಂದ 255ರ ತನಕ ಕಾಳು. ಯಾವ ಗುಳಿಯಲ್ಲಿ ಎಷ್ಟು ಕಾಳು ಅನ್ನೋದೇ ಸುದ್ದಿ. ಎಂಜಿನ್ ಎಷ್ಟು ಸುತ್ತು ತಿರುಗ್ತಿದೆ, ನೀರು ಎಷ್ಟು ಬಿಸಿ ಆಗಿದೆ ಅಂತ ಒಂದು ಸೆಕೆಂಡಿಗೆ ಎಷ್ಟೋ ಸಲ ಹೇಳ್ತಾನೇ ಇರ್ತದೆ.

ಈಗ ನೋಡಿ. 2018ರ ಗಾಡಿಯಲ್ಲೂ ಇದೇ ಎರಡು ತಂತಿ, 2019ರದ್ದರಲ್ಲೂ ಇದೇ ಎರಡು ತಂತಿ. ಹಾಗಿದ್ದ ಮೇಲೆ ಮಾತು ಯಾಕೆ ಬರಲ್ಲ? ಮೂರು ಕಾರಣಕ್ಕೆ.

ಒಂದನೇದು, ಮಾತಿನ ಓಟ. ಒಂದು ಪೆಟ್ಟಿಗೆ ಸೆಕೆಂಡಿಗೆ 5 ಲಕ್ಷ ಅಕ್ಷರ ಹೇಳ್ತದೆ, ಇನ್ನೊಂದು ಎರಡೂವರೆ ಲಕ್ಷ ಹೇಳ್ತದೆ ಅಂದರೆ ಒಂದೇ ತಂತಿಯ ಮೇಲೆ ಎರಡೂ ಕೆಡ್ತವೆ. ಒಬ್ಬ ವಿಳಂಬದಲ್ಲಿ, ಇನ್ನೊಬ್ಬ ದುಡಿಯಲ್ಲಿ ಹಾಡಿದರೆ ಹಿಮ್ಮೇಳ ಒಡೆದುಹೋಗಲ್ವಾ, ಹಾಗೆ. ಎರಡನೇದು, ಅರ್ಥದ ವ್ಯತ್ಯಾಸ. ಪೇಟೆಗೆ ಹೋಗಿ ‘ಪಾಲು’ ಅಂದರೆ ತಮಿಳಿನವರು ಹಾಲು ತಂದುಕೊಡ್ತಾರೆ, ನಮಗೆ ಪಾಲು ಅಂದರೆ ಹೊಲದ ಭಾಗ. ಹಾಗೆಯೇ ಒಂದು ವರ್ಷದ ಪೆಟ್ಟಿಗೆಯಲ್ಲಿ ಮೂರನೇ ಗುಳಿ ಅಂದರೆ ನೀರಿನ ಬಿಸಿ, ಇನ್ನೊಂದು ವರ್ಷದ್ದರಲ್ಲಿ ಅದೇ ಗುಳಿಯಲ್ಲಿ ಬೇರೇನೋ ಇರ್ತದೆ. ಈ ಎರಡೂ ಭಾಷೆಯ ತೊಂದರೆಗಳು. ದುಭಾಷಿ ಇಟ್ಟರೆ ತೀರ್ತವೆ.

ಮೂರನೇದು ಬೀಗ. ಕೀಲಿಕೈಯೊಳಗೆ ರಾಗಿ ಕಾಳಿನಷ್ಟು ಚಿಪ್ಪು ಇರ್ತದೆ. ಎಂಜಿನ್ ಪೆಟ್ಟಿಗೆ ಗುಟ್ಟಿನ ಪ್ರಶ್ನೆ ಕೇಳ್ತದೆ, ಸರಿ ಉತ್ತರ ಬಂದರೆ ಮಾತ್ರ ಡೀಸಲ್ ಬಿಡ್ತದೆ. 2019ರ ಪೆಟ್ಟಿಗೆಗೆ ಅದರ ಹಳೇ ಯಜಮಾನನ ಕೀಲಿಕೈ ಮಾತ್ರ ಗೊತ್ತು. ನಮ್ಮದು ಗೊತ್ತಿಲ್ಲ. ಇದು ಮಾತು ಬರದೆ ಆದದ್ದಲ್ಲ. ಮಾತು ಕೇಳಿಸ್ತದೆ, ಅರ್ಥವೂ ಆಗ್ತದೆ, ಉತ್ತರ ಕೊಡಕೂಡದು ಅಂತ ಬಾಯಿ ಕಟ್ಟಿದ್ದಾರೆ. ಆ ಗಂಟು ಬಿಚ್ಚೋ ಅಧಿಕಾರ ಕಂಪನಿಯವರ ಹತ್ತಿರ ಇದೆ. ಗಾಡಿಗೆ ಪೂರಾ ದುಡ್ಡು ಕೊಟ್ಟ ನನ್ನ ತಂಗಿ ಮಗನ ಹತ್ತಿರ ಇಲ್ಲ.

ನಾವು ಆ ಪೆಟ್ಟಿಗೆಯನ್ನ ಎಸೆಯಲಿಲ್ಲ. ಚಾಮರಾಜನಗರದ ಕಡೆ ಒಬ್ಬ ಮೆಕ್ಯಾನಿಕ್ ಹುಡುಗ ಇದ್ದಾನೆ, ಅವನ ಹತ್ತಿರ ತಗೊಂಡು ಹೋದೆವು. ಅವನು ನೀರು ಕುಡಿದ ಹಳೇ ಪೆಟ್ಟಿಗೆ ಬಿಚ್ಚಿ ನೆನಪಿನ ಚಿಪ್ಪನ್ನು ಓದಿದ. ಅದು ಇನ್ನೂ ಜೀವಂತ ಇತ್ತು. ಅದರಲ್ಲಿದ್ದ ಕೀಲಿಕೈಯ ಗುಟ್ಟು, ಚಾಸಿ ನಂಬರು, ನಾಲ್ಕು ಇಂಜೆಕ್ಟರಿನ ತಲೆ ಮೇಲೆ ಕೆತ್ತಿರೋ ಅಕ್ಷರಗಳು, ಇಷ್ಟನ್ನು 2019ರ ಪೆಟ್ಟಿಗೆಗೆ ದಾಟಿಸಿದ. ಸೆಲ್ಫ್ ಹೊಡೆದ. ಹತ್ತಿತು! ಮಾತೇ ಬರಲ್ಲ ಅಂದಿದ್ದ ಪೆಟ್ಟಿಗೆ ಅರ್ಧ ದಿನಕ್ಕೆ ಮಾತಾಡಿತು.

ಕತೆ ಅಲ್ಲಿಗೆ ಮುಗಿದಿದ್ದರೆ ಈ ಬರಹವೇ ಬೇಕಿರಲಿಲ್ಲ. ಗಾಡಿ ಓಡ್ತಿತ್ತು, ಆದರೆ ಮೀಟರಿನಲ್ಲಿ ಬಿಸಿಯ ಮುಳ್ಳು ಏಳ್ತಿರಲಿಲ್ಲ. ದಿಂಬಂ ಘಾಟಿಯಲ್ಲಿ 27 ತಿರುವು. ಲೋಡು ಹೊತ್ತು ಹತ್ತುವಾಗ ನೀರು ಕುದ್ದರೂ ಗೊತ್ತಾಗಲ್ಲ ಅಂದರೆ ಎಂಜಿನ್ನಿನ ತಲೆ ಬಿರೀತದೆ. ಇಲ್ಲಾ ಆನೆ ದಾರಿಯಲ್ಲಿ ಗಾಡಿ ನಿಲ್ತದೆ. ಹೊಸ ಪೆಟ್ಟಿಗೆ ಬಿಸಿಯನ್ನು ಹೇಳ್ತಾನೇ ಇತ್ತು, ಹಳೇ ಮೀಟರಿಗೆ ಆ ನಂಬರು ತಿಳೀತಿರಲಿಲ್ಲ. ನಾನು ಹೇಳಿದೆನಲ್ಲ, ಹಾಲಿಗೂ ಭಾಗಕ್ಕೂ ಆಗೋ ಗಲಿಬಿಲಿ, ಅದು.

ಆ ಹುಡುಗ ಇದನ್ನು ಹೇಗೆ ಬಿಡಿಸಿದ ಅನ್ನೋದೇ ನನ್ನ ವಾದದ ಬೇರು, ನಿಧಾನವಾಗಿ ಓದಿ. ಸ್ಟೇರಿಂಗಿನ ಕೆಳಗೆ 16 ತೂತಿನ ಒಂದು ಪ್ಲಗ್ಗು ಇರ್ತದೆ. ಹೊಗೆ ತಪಾಸಣೆಗೆ ಅಂತ ಸರ್ಕಾರಗಳು ಕಂಪನಿಗಳ ಕೈಲಿ ಬಲವಂತವಾಗಿ ಇಡಿಸಿದ್ದು ಅದು. ಅಮೆರಿಕದಲ್ಲಿ 1996ರಿಂದ ಇದೆ, ನಮ್ಮಲ್ಲಿ ಆಮೇಲೆ ಬಂತು. ಅಲ್ಲಿ ಕೇಳಬಹುದಾದ ಪ್ರಶ್ನೆಗಳ ಪಟ್ಟಿ ಲೋಕಕ್ಕೆಲ್ಲ ಬಹಿರಂಗ. ಐದನೇ ಪ್ರಶ್ನೆ ಎಂಜಿನ್ ನೀರಿನ ಬಿಸಿ. ಬಂದ ಕಾಳಿನ ಲೆಕ್ಕದಲ್ಲಿ 40 ಕಳೆದರೆ ಡಿಗ್ರಿ ಸಿಗ್ತದೆ. 130 ಬಂದರೆ 90 ಡಿಗ್ರಿ. ಯಾವ ಕಂಪನಿಯಾದರೂ ಇದಕ್ಕೆ ಹೀಗೇ ಉತ್ತರ ಕೊಡಬೇಕು.

ಹುಡುಗ ಆ ಬಹಿರಂಗ ಪ್ರಶ್ನೆ ಕೇಳಿ ನಿಜವಾದ ಬಿಸಿ ಎಷ್ಟು ಅಂತ ತಿಳಿದುಕೊಂಡ. ಆಮೇಲೆ ತಂತಿಯ ಮೇಲೆ ಓಡೋ ನೂರಾರು ಗುಟ್ಟಿನ ಮಾತುಗಳನ್ನು ಲ್ಯಾಪ್‌ಟಾಪಿನಲ್ಲಿ ಹಿಡಿದ. ಯಾವ ನಂಬರಿನ ಯಾವ ಗುಳಿಯಲ್ಲಿ ಬಿಸಿಯ ಜೊತೆಗೇ ಕಾಳು ಏರ್ತಿದೆ ಅಂತ ರಾತ್ರಿ ಕೂತು ಹುಡುಕಿದ. ಪಕ್ಕದ ಊರಿನ ಇನ್ನೊಂದು 2018ರ ಗಾಡಿ ತರಿಸಿ, ಹಳೇ ಪೆಟ್ಟಿಗೆ ಅದೇ ಮಾತನ್ನು ಯಾವ ನಂಬರಿನಲ್ಲಿ ಹೇಳ್ತಿತ್ತು ಅಂತ ಕೇಳಿಸಿಕೊಂಡ. ಕೊನೆಗೆ ಬೆಂಕಿಪೊಟ್ಟಣದಷ್ಟು ಒಂದು ಹಲಗೆ ಮಾಡಿ ಮೀಟರಿಗೂ ಉಳಿದ ಪೆಟ್ಟಿಗೆಗಳಿಗೂ ನಡುವೆ ಕೂರಿಸಿದ. ಅದು 2019ರ ಮಾತು ಕೇಳ್ತದೆ, 2018ರ ಮಾತಲ್ಲಿ ಮೀಟರಿಗೆ ಹೇಳ್ತದೆ. ದುಭಾಷಿ! ಸಾಮಾನಿಗೆ ಎರಡು ಸಾವಿರವೂ ಆಗಲಿಲ್ಲ. ಖಾಲಿ ಗಾಡಿಯಲ್ಲಿ ಎರಡು ಸಲ ಘಾಟಿ ಹತ್ತಿಸಿ, ಬಹಿರಂಗ ಪ್ರಶ್ನೆಯ ಉತ್ತರಕ್ಕೂ ಮುಳ್ಳಿಗೂ ತಾಳೆ ನೋಡಿದ ಮೇಲೇ ಲೋಡಿಗೆ ಬಿಟ್ಟದ್ದು.

ಅವನಿಗೆ ಮೂರು ರಾತ್ರಿ ಹಿಡೀತು. ಯಾವ ನಂಬರು, ಯಾವ ಗುಳಿ ಅಂತ ಕಂಪನಿಯವರು ಒಂದು ಹಾಳೆಯಲ್ಲಿ ಅಚ್ಚು ಹಾಕಿ ಕೊಟ್ಟಿದ್ದರೆ ಒಂದು ಗಂಟೆ ಕೆಲಸ. ಹೊಗೆಯ ವಿಚಾರದಲ್ಲಿ ಸರ್ಕಾರ ಬಾಯಿ ಬಿಡಿಸಿದ್ದಕ್ಕೆ ಪೆಟ್ಟಿಗೆ ಬಾಯಿ ಬಿಡ್ತು. ಅಲ್ಲಿ ಕಾನೂನು ಮಾಡೋಕೆ ಆಯ್ತು ಅಂದಮೇಲೆ ರಿಪೇರಿ ವಿಚಾರದಲ್ಲಿ ಯಾಕೆ ಆಗಲ್ಲ? ಹೊಗೆ ಪ್ಲಗ್ಗು ಬಹಿರಂಗ ಮಾಡಿದ್ದಕ್ಕೆ ಯಾವ ಕಂಪನಿಯೂ ಮುಳುಗಿಹೋಗಲಿಲ್ಲ.

ಇದಕ್ಕೆ ಎದುರು ಮಾತು ಹೇಳೋರು ಇದ್ದಾರೆ. ನಮ್ಮೂರಿನ ಮೇಷ್ಟ್ರೊಬ್ಬರೇ ನನ್ನ ಜೊತೆ ಜಗಳ ಆಡಿದರು. ಅವರ ಮಾತಿನಲ್ಲೂ ಹುರುಳಿದೆ, ಒಂದೊಂದಾಗಿ ತಗೋತೀನಿ.

"ಬೀಗ ತೆಗೆದರೆ ಕಳ್ಳರಿಗೆ ಸುಗ್ಗಿ ಅಲ್ವಾ?" ನಿಜ, ಆ ಬೀಗದಿಂದ ಗಾಡಿ ಕಳವು ಕಷ್ಟ ಆಗಿದೆ. ಬೀಗ ಬೇಡ ಅಂತ ನಾನು ಅನ್ನಲ್ಲ. ಮನೆ ಕಟ್ಟಿದ ಮೇಸ್ತ್ರಿ ಬೀಗ ಹಾಕಿ ಕೀಲಿಕೈಯನ್ನ ತನ್ನ ಸೊಂಟಕ್ಕೇ ಸಿಕ್ಕಿಸಿಕೊಂಡು ಹೋದರೆ ನೀವು ಒಪ್ತೀರಾ ಮೇಷ್ಟ್ರೇ? ಆರ್‌ಸಿ ಪುಸ್ತಕ ತೋರಿಸಿ, ಗುರುತಿನ ಚೀಟಿ ಕೊಟ್ಟು, ಯಾವ ಮೆಕ್ಯಾನಿಕ್ ಯಾವ ದಿನ ಬೀಗ ಬಿಚ್ಚಿದ ಅಂತ ಬರೆದಿಟ್ಟು ಕೊಡಲಿ. ಹಾಗೆ ಮಾಡಿದರೆ ಕಳ್ಳ ಸಿಕ್ಕಿಬೀಳ್ತಾನೆ, ಯಜಮಾನ ಬದುಕ್ಕೋತಾನೆ.

"ಕಂಡಕಂಡವರು ಕೈ ಹಾಕಿದರೆ ಅಪಘಾತ ಆಗಲ್ವಾ?" ಈಗ ಕೈ ಹಾಕ್ತಾನೇ ಇದ್ದಾರಲ್ಲ, ಕತ್ತಲಲ್ಲಿ. ಬಿಸಿಯ ಮುಳ್ಳು ಸತ್ತ ಗಾಡಿ ಘಾಟಿ ಇಳಿಯೋದು ಅಪಾಯವೋ, ಹಾಳೆ ನೋಡಿಕೊಂಡು ಸರಿಮಾಡಿ ಇಳಿಯೋದು ಅಪಾಯವೋ? ನಮ್ಮ ಹುಡುಗ ಜಾಣ, ಮೀಟರಿನ ಒಂದು ಮಾತು ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಲಿಲ್ಲ. ಎಲ್ಲರೂ ಅವನಷ್ಟು ಜಾಣರಿರಲ್ಲ. ಊಹೆಯಲ್ಲಿ ಬ್ರೇಕಿನ ಮಾತು ಮುಟ್ಟಿದವನು ಜೀವ ತೆಗೀತಾನೆ. ಅದಕ್ಕೇ ಊಹೆ ಮಾಡೋ ಗತಿ ಯಾರಿಗೂ ಬರಬಾರದು ಅಂತ ನಾನು ಹೇಳೋದು.

"ಹೊಗೆ ನಿಯಮ ಮುರಿಯೋಕೆ ದಾರಿ ಆಗ್ತದೆ." ಇದಕ್ಕೆ ತಲೆ ತಗ್ಗಿಸ್ತೀನಿ. ಬಿಎಸ್ 6 ಗಾಡಿಯ ಸೈಲೆನ್ಸರಿನ ಜಾಲರಿ ಕಿತ್ತು, ಪೆಟ್ಟಿಗೆಗೆ ಸುಳ್ಳು ಹೇಳಿಸಿ ಓಡಿಸೋರು ಇದ್ದಾರೆ. ಮೀಟರು ಹಿಂದಕ್ಕೆ ತಿರುಗಿಸಿ ಮಾರೋರು ಇದ್ದಾರೆ. ಅವರು ನಮ್ಮ ಪಕ್ಷದವರಲ್ಲ, ಅವರಿಗೆ ದಂಡ ಹಾಕಲಿ. ಒಬ್ಬ ಕುಡುಗೋಲಲ್ಲಿ ಕೈ ಕಡಿದ ಅಂತ ಊರಿನ ಕುಡುಗೋಲನ್ನೆಲ್ಲ ಅಂಗಡಿಯವನು ವಾಪಸ್ಸು ತಗೊಂಡರೆ ರಾಗಿ ಕೊಯ್ಯೋರು ಯಾರು?

"ಕಂಪನಿಯವರು ದುಡ್ಡು ಹಾಕಿ ಬುದ್ಧಿ ಖರ್ಚು ಮಾಡಿದ್ದಾರೆ." ಎಂಜಿನ್ನಿಗೆ ಡೀಸಲ್ ಅಳೆಯೋ ಅವರ ಲೆಕ್ಕದ ಗುಟ್ಟು ನನಗೆ ಬೇಡ, ಅದು ಅವರ ಬುದ್ಧಿ. ನಾನು ಕೇಳೋದು ಪೆಟ್ಟಿಗೆ ಪಕ್ಕದ ಪೆಟ್ಟಿಗೆಗೆ ಏನು ಹೇಳ್ತದೆ ಅನ್ನೋದನ್ನು, ಮತ್ತೆ ನನ್ನದೇ ಗಾಡಿಯ ಬೀಗದ ಕೈಯನ್ನು. ಅದಕ್ಕೆ ನಾನು ದುಡ್ಡು ಕೊಟ್ಟಾಗಿದೆ.

ಇದು ತಾಳವಾಡಿಯ ಒಬ್ಬ ಹಾಡುಗಾರನ ಹಟ ಅಂತ ಅಂದುಕೋಬೇಡಿ. 2011ರಲ್ಲಿ ಒಬ್ಬ ಗ್ರಾಹಕರು ಕೊಟ್ಟ ದೂರಿನ ಮೇಲೆ ಭಾರತದ ಸ್ಪರ್ಧಾ ಆಯೋಗ ವಿಚಾರಣೆ ಮಾಡಿ, 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿಗೂ ಮೇಲೆ ದಂಡ ಹಾಕಿತು. ಬಿಡಿಭಾಗಗಳನ್ನೂ ತಪಾಸಣೆ ಸಾಧನಗಳನ್ನೂ ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದ ಹಾಗೆ ಮಾಡಿದ್ದು ತಪ್ಪು, ಸಿಗೋ ಹಾಗೆ ಮಾಡಿ ಅಂತ ಹೇಳಿತು. ಕಂಪನಿಗಳು ಮೇಲಿನ ಮೆಟ್ಟಿಲು ಹತ್ತಿದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗೆ ಅಂತ ಒಂದು ಸಮಿತಿ ಮಾಡಿತು. ಆ ಪಟ್ಟಿಯಲ್ಲಿ ಬೇಸಾಯದ ಯಂತ್ರವೂ ಇದೆ, ವಾಹನವೂ ಇದೆ. ಅದೇ ವರ್ಷ ಡಿಸೆಂಬರಿನಲ್ಲಿ ಇಂಟರ್‌ನೆಟ್ಟಿನಲ್ಲಿ ಒಂದು ಪುಟ ತೆರೆದರು. ಪುಟ ತೆರೆದರೆ ಪೆಟ್ಟಿಗೆ ತೆರೆಯಲ್ಲವಲ್ಲ. ಗಾಡಿ ಯಜಮಾನನಿಗೆ ಬೀಗದ ಕೈ ಕೊಡಲೇಬೇಕು ಅನ್ನೋ ಕಾಯ್ದೆ ನಮ್ಮಲ್ಲಿ ಇನ್ನೂ ಬಂದಿಲ್ಲ.

ಬೇರೆ ಕಡೆ ಬಂದಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲಿ ಓಟು ಹಾಕಿಯೇ ಕಾರಿನ ರಿಪೇರಿ ಹಕ್ಕು ತಗೊಂಡರು. ಕೊಲರಾಡೊ ರಾಜ್ಯದಲ್ಲಿ 2023ರಲ್ಲಿ ರೈತರ ಯಂತ್ರಗಳಿಗೇ ಅಂತ ಕಾಯ್ದೆ ಮಾಡಿದರು, 2024ರ ಜನವರಿ 1ರಿಂದ ನಡೀತಿದೆ. ಸಾವಿರಾರು ಎಕರೆ ಉಳೋ ಆ ರೈತರಿಗೂ ಟ್ರ್ಯಾಕ್ಟರ್ ನಿಂತಾಗ ಕಂಪನಿಯವನು ಬರೋ ತನಕ ಹೊಲದಲ್ಲಿ ಕೂತಿರೋ ಗತಿ ಬಂದಿತ್ತು. ದಿಂಬಂನಲ್ಲಿ ಕೂತ ನನ್ನ ತಂಗಿ ಮಗನಿಗೂ ಅವರಿಗೂ ಈ ವಿಚಾರದಲ್ಲಿ ಏನೂ ವ್ಯತ್ಯಾಸ ಇಲ್ಲ. ಅವರು ಕೇಳಿದರು, ಸಿಕ್ಕಿತು.

ಇನ್ನೊಂದು ಲೆಕ್ಕ ಇದೆ. 2021ರಲ್ಲಿ ಸರ್ಕಾರ ಹಳೇ ಗಾಡಿಗಳನ್ನು ಗುಜರಿಗೆ ಹಾಕೋ ನೀತಿ ತಂದಿತು. ಒಳ್ಳೆಯದೇ. ಆದರೆ ಆ ಗಾಡಿಗಳ ಜೊತೆ ಕೆಟ್ಟಿರದ ಪೆಟ್ಟಿಗೆಗಳೂ ಬಾಯಿ ಕಟ್ಟಿಸಿಕೊಂಡು ಕಸಕ್ಕೆ ಹೋಗ್ತವೆ. ಆ ಪೆಟ್ಟಿಗೆಗೆ ಒಂದು ಕಾಗದ ಕೊಟ್ಟು, ಹಳೇ ಗುಟ್ಟು ಅಳಿಸಿ ಮಾರಿದರೆ ಕಳ್ಳಮಾಲಿನ ಭಯವೂ ಇಲ್ಲ, ಬಡವನ ಗಾಡಿಯೂ ಓಡ್ತದೆ.

ಮಂಟೇಸ್ವಾಮಿ ಕತೆ ಕೇಳಿದವರಿಗೆ ಹಲಗೂರಿನ ಸಾಲು ಗೊತ್ತು. ಕಬ್ಬಿಣದ ಭಿಕ್ಷ ಕೇಳೋಕೆ ಹೋದಾಗ, ಮನೆ ತುಂಬ ಕಬ್ಬಿಣ ಇಟ್ಟುಕೊಂಡವರು ಇಲ್ಲ ಅಂದರು. ಆ ಸಾಲನ್ನು ನಾನು ನಲವತ್ತು ವರ್ಷದಿಂದ ಹಾಡ್ತಿದ್ದೀನಿ. ಅದು ಒಂದು ಕುಲದ ಮೇಲಿನ ಮಾತು ಅಂತ ಯಾರೂ ತಿಳೀಬಾರದು. ನಮ್ಮೂರಿನ ಕುಲುಮೆಯವರು ಯಾರ ನೇಗಿಲ ಗುಳ ತಂದರೂ, ಯಾರು ಮಾಡಿದ ಗುಳ ಅಂತ ಕೇಳದೆ ಹಣಿದು ಕೊಟ್ಟವರು. ಎಷ್ಟು ವರ್ಷದ ಹಳೇದು ಅಂತಲೂ ಕೇಳಿದವರಲ್ಲ. ಇದ್ದೂ ಇಲ್ಲ ಅನ್ನೋದೇ ತಪ್ಪು ಅಂತ ಆ ಕತೆ ಹೇಳೋದು. ಪೆಟ್ಟಿಗೆಗೆ ಮಾತು ಬರಲ್ಲ ಅಂದವನು ಮಾಡಿದ್ದೂ ಅದನ್ನೇ.

ಬರೀ ಕಂಪನಿಯವರನ್ನೇ ಬೈದು ಮುಗಿಸಲ್ಲ, ನಮ್ಮ ತಪ್ಪೂ ಇದೆ. ಪೆಟ್ಟಿಗೆ ಹೋಯ್ತು ಅಂತ ಯಾರಾದರೂ ಅಂದ ತಕ್ಷಣ ದುಡ್ಡು ಎಣಿಸ್ತೀವಿ. ಮೊದಲು ಬ್ಯಾಟರಿ ನೋಡಿ, ಕರೆಂಟು ಕಮ್ಮಿ ಇದ್ದರೂ ಪೆಟ್ಟಿಗೆ ಹುಚ್ಚುಹುಚ್ಚಾಗಿ ಆಡ್ತದೆ. ಅರ್ತ್ ತಂತಿ ಬಿಚ್ಚಿ ತುಕ್ಕು ಉಜ್ಜಿ. ಇಲಿ ಕಡಿದಿದೆಯಾ ನೋಡಿ, ಹೊಲದ ಮನೆ ಪಕ್ಕ ನಿಲ್ಲಿಸಿದ ಗಾಡಿಯ ತಂತಿಗೆ ಇಲಿ ಬಾಯಿ ಹಾಕೇ ಹಾಕ್ತದೆ. ಆಮೇಲೆ ಬ್ಯಾಟರಿ ಕಳಚಿ, ಆ 16 ತೂತಿನ ಪ್ಲಗ್ಗಿನ 6ನೇ ತೂತಿಗೂ 14ನೇ ತೂತಿಗೂ ನಡುವೆ ಮೀಟರು ಹಿಡೀರಿ. ಎರಡು ತುದಿಯಲ್ಲೂ 120 ಓಮಿನ ಒಂದೊಂದು ತಡೆ ಇರ್ತದೆ, ಎರಡೂ ಸೇರಿ 60 ಓಮು ತೋರಿಸಬೇಕು. 120 ತೋರಿಸಿದರೆ ಒಂದು ತುದಿ ಕಡಿದಿದೆ ಅಂತ. ಸೊನ್ನೆ ಹತ್ತಿರ ಬಂದರೆ ಎರಡು ತಂತಿ ಅಂಟಿಕೊಂಡಿವೆ ಅಂತ. ಹಳೇ ಪೆಟ್ಟಿಗೆ ಕೊಳ್ಳುವಾಗ ಗಾಡಿ ಹೆಸರು ನೋಡಿದರೆ ಸಾಲದು. ಚೀಟಿ ಮೇಲಿನ ನಂಬರು ಪೂರಾ ತಾಳೆ ಆಗ್ತದಾ ನೋಡಿ, ಗುಜರಿಯವನ ಹತ್ತಿರ ಬಿಲ್ಲು ಕೇಳಿ, ಆದರೆ ಅದರ ಕೀಲಿಕೈಯನ್ನೂ ಬೀಗದ ಪೆಟ್ಟಿಗೆಯನ್ನೂ ಜೊತೆಗೇ ತನ್ನಿ. ನಿಮ್ಮ ಕೆಟ್ಟ ಪೆಟ್ಟಿಗೆಯನ್ನ ಮಾತ್ರ ಎಸೀಬೇಡಿ. ಗುಟ್ಟು ಅದರೊಳಗೇ ಇರ್ತದೆ.

ಮೇಷ್ಟ್ರುಗಳಿಗೆ ನನ್ನದೊಂದು ಮಾತು. ನಮ್ಮ ಮಕ್ಕಳು ಹತ್ತನೇ ಕ್ಲಾಸಿನಲ್ಲಿ ಓಮನ ನಿಯಮ ಬಾಯಿಪಾಠ ಮಾಡ್ತಾರೆ. ಅದೇ ಓಮು ಮನೆ ಮುಂದಿನ ಪಿಕಪ್ಪಿನಲ್ಲಿ ಇದೆ ಅಂತ ಯಾರಾದರೂ ತೋರಿಸಿದ್ದೀರಾ? ಸ್ಕೂಲಿಗೆ ಒಂದು ಮೀಟರು ತನ್ನಿ, ಗಾಡಿ ನಾನು ತಂದು ನಿಲ್ಲಿಸ್ತೀನಿ. ಎರಡು 120 ಸೇರಿ 60 ಹೇಗೆ ಆಯ್ತು ಅಂತ ಮಕ್ಕಳು ಅಳೆದು ನೋಡಲಿ. ಮನೆಯಲ್ಲಿ ಒಂದು ಭಾಷೆ, ಆಫೀಸಿನಲ್ಲಿ ಇನ್ನೊಂದು ಭಾಷೆ ನಿಭಾಯಿಸೋ ಮಕ್ಕಳಿಗೆ ಪೆಟ್ಟಿಗೆಗಳ ಭಾಷೆ ಕಷ್ಟ ಆಗಲ್ಲ.

ನಾವು ಕೇಳಬೇಕಾದ್ದು ಮೂರೇ. ಗಾಡಿ ಮಾರುವಾಗಲೇ ಪೆಟ್ಟಿಗೆಗಳ ಮಾತಿನ ಪಟ್ಟಿ ಬಹಿರಂಗ ಆಗಬೇಕು. ಬೀಗ ಬಿಚ್ಚೋ ಹಕ್ಕು ಆರ್‌ಸಿಯಲ್ಲಿ ಹೆಸರು ಇದ್ದವನಿಗೆ ಇರಬೇಕು, ಅವನು ಯಾವ ಮೆಕ್ಯಾನಿಕ್ ಹತ್ತಿರ ಬೇಕಾದರೂ ಮಾಡಿಸಿಕೊಳ್ಳಬೇಕು. ರಿಪೇರಿ ಪುಸ್ತಕ ನಮಗೆ ಓದೋಕೆ ಬರೋ ಭಾಷೆಯಲ್ಲಿ ಇರಬೇಕು, ತಮಿಳಿನಲ್ಲೂ ಕನ್ನಡದಲ್ಲೂ. ಇದನ್ನು ದೆಹಲಿಯ ಗ್ರಾಹಕ ಇಲಾಖೆಗೆ ಒಂದು ಅರ್ಜಿ ಬರೆದಿದ್ದೀನಿ. ನಮ್ಮ ಸಣ್ಣ ಟ್ರ್ಯಾಕ್ಟರುಗಳು ಇನ್ನೂ ಹೆಚ್ಚಾಗಿ ಹಳೇ ಪಂಪಿನವೇ. ಅವುಗಳೊಳಕ್ಕೂ ಪೆಟ್ಟಿಗೆ ಬಂದು ಕೂರೋದಕ್ಕೆ ಮುಂಚೆ ಕೇಳಿದರೆ ಒಳ್ಳೆಯದು.

ಅರ್ಜಿ ವಾಚನಾಲಯದ ಮೇಜಿನ ಮೇಲಿದೆ, ಪಕ್ಕದಲ್ಲೇ ನೀರು ಕುಡಿದ ಆ ಹಳೇ ಪೆಟ್ಟಿಗೆಯನ್ನೂ ಮುಚ್ಚಳ ಬಿಚ್ಚಿ ಇಟ್ಟಿದ್ದೀನಿ. ಬಂದು ನೋಡಿ. ನನ್ನ ಮಾತು ಸರಿ ಅನ್ನಿಸಿದರೆ ಸಹಿ ಹಾಕಿ, ಕನ್ನಡದಲ್ಲಾದರೂ ಸರಿ, ತಮಿಳಿನಲ್ಲಾದರೂ ಸರಿ, ಹೆಬ್ಬೆಟ್ಟಾದರೂ ಸರಿ. ತಪ್ಪು ಅನ್ನಿಸಿದರೆ ಎಲ್ಲಿ ತಪ್ಪು ಅಂತ ಪಕ್ಕದ ನೋಟ್ ಬುಕ್ಕಿನಲ್ಲಿ ಬರೆದಿಡಿ, ಓದಿ ಉತ್ತರ ಕೊಡ್ತೀನಿ.